ಬಲಗಡೆಯ ಸಬ್‌ವೂಫರ್

ಗುರುಸಂಗಪ್ಪನ ಹಜಾರದಲ್ಲಿ ಮಂಡಿಯೂರಿ ಕೂತು ನಾನು ಸಬ್‌ವೂಫರ್ ಸ್ಪೀಕರಿನ ಪೆಟ್ಟಿಗೆಯೊಂದನ್ನು ಮೂಸುತ್ತಿದ್ದೆ.

ಖಾಕಿ ತೊಟ್ಟ ಸಬ್ ಇನ್ಸ್‌ಪೆಕ್ಟರ್ ಒಬ್ಬಳು ಹೀಗೆ ಪೆಟ್ಟಿಗೆಗೆ ಮೂಗು ತಾಗಿಸಿದ್ದು ನೋಡಿದರೆ ಯಾರಿಗಾದರೂ ನಗು ಬರಬೇಕು. ಆ ಮನೆಯಲ್ಲಿ ಯಾರೂ ನಗಲಿಲ್ಲ. ನನಗೂ ನಗು ಬರಲಿಲ್ಲ, ಬಂದದ್ದು ವಾಕರಿಕೆ.

ಅದು ಗಂಜಲದ ವಾಸನೆ. ಅನುಮಾನವೇ ಇರಲಿಲ್ಲ.

ಮೊಣಕಾಲೆತ್ತರದ ಹೊಚ್ಚ ಹೊಸ ಪೆಟ್ಟಿಗೆ. ಮೇಲ್ಭಾಗದಲ್ಲಿ ಬೆಳ್ಳಗೆ ಒಣಗಿದ ಕಲೆಗಳು. ಅಂಚಿನ ಹಲಗೆ ನೀರು ಕುಡಿದು ಉಬ್ಬಿತ್ತು. ಮುಂದಿನ ಬಟ್ಟೆಯ ಚೌಕಟ್ಟು ಕಿತ್ತು ನೋಡಿದೆ. ಒಳಗಿನ ಕಾಗದದ ಕೋನು ನೆನೆದ ಹಪ್ಪಳದ ಹಾಗೆ ಸುಕ್ಕಾಗಿತ್ತು.

"ಇದರ ಮ್ಯಾಲೆ ಏನು ಬಿದ್ದೈತಮ್ಮಾ?"

"ಗಂಜಲ ಯವ್ವಾ." ಸೋಫಾದ ಮೇಲೆ ಕಾಲು ಮಡಚಿ ಕೂತಿದ್ದ ಎರ್ರಮ್ಮ ಒಂದಿಷ್ಟೂ ಅಳುಕದೆ ಹೇಳಿದಳು. ಗುರುಸಂಗಪ್ಪನ ತಾಯಿ, ಈ ಮನೆಯ ಯಜಮಾನಿ. "ಆ ಹುಡುಗ ಮುಟ್ಟಿದ್ನಲ್ಲ. ಹಂಗ ಬಿಡಾಕ ಆಕ್ಕೈತೇನು?"

ಆ ಹುಡುಗ ಎಂದರೆ ಭೀಮರಾಜ. ಹೋದ ವಾರ ಈ ಮನೆಗೆ ಎರಡು ಸಬ್‌ವೂಫರ್ ಜೋಡಿಸಲು ಬಂದಿದ್ದ. ಅವತ್ತೇ ದೇವರಮನೆಯ ಗೂಡಿನಲ್ಲಿದ್ದ ಎರ್ರಮ್ಮನ ಬಂಗಾರದ ಗುಂಡಿನ ಬೋರಮಾಳ ಸರ ಕಾಣೆಯಾಗಿತ್ತು. ದೂರು ನನ್ನ ಮೇಜಿನ ಮೇಲಿತ್ತು. ಸಂಜೆಯೊಳಗೆ ಕೇಸು ದಾಖಲಾಗಬೇಕು ಎಂದು ಮೇಲಿನವರ ಫೋನು ಬಂದಿತ್ತು.

ಭೀಮರಾಜನಿಗೆ ಲೈನ್‌ಮನ್ ನೌಕರಿ ಸಿಕ್ಕಿತ್ತು. ಇನ್ನೇನು ಹಾಜರಾಗಬೇಕು. ಕಳ್ಳತನದ ಕೇಸೊಂದು ಬಿದ್ದರೆ ಆ ನೌಕರಿಯೂ ಇಲ್ಲ, ಮುಂದೆ ಯಾವ ನೌಕರಿಯೂ ಇಲ್ಲ. ನನ್ನ ಪೆನ್ನಿನ ತುದಿಯಲ್ಲಿ ಒಬ್ಬನ ಇಡೀ ಬದುಕು ನಿಂತಿತ್ತು.

ಅವನು ಹೊರಗೆ ಜೀಪಿನ ಪಕ್ಕದಲ್ಲಿದ್ದ, ಹೆಡ್ ಕಾನ್‌ಸ್ಟೇಬಲ್ ಓಬಣ್ಣನ ಜೊತೆ. ಅವನ ಅಕ್ಕ ಸಮತಾ ಕೂಡ ಬಂದಿದ್ದಳು. ಚಿಗಟೇರಿಯ ಶಾಲೆಯಲ್ಲಿ ಟೀಚರ್. ಗೇಟಿನ ಸರಳು ಹಿಡಿದುಕೊಂಡು ನಿಂತಿದ್ದಳು. ಕುಡಿಯಲು ನೀರು ಕೇಳಿದ್ದಕ್ಕೆ ಎರ್ರಮ್ಮ ಬಿಸಾಡುವ ಪ್ಲಾಸ್ಟಿಕ್ ಲೋಟದಲ್ಲಿ ಕಳಿಸಿದ್ದಳು. ನನಗೆ ಚಹಾ ಬಂದದ್ದು ಬೆಳ್ಳಿ ಲೋಟದಲ್ಲಿ.

ಬೆಳ್ಳಿ ಲೋಟ ಬಂದದ್ದಕ್ಕೂ ಕಾರಣವಿತ್ತು. ಮನೆಗೆ ಕಾಲಿಟ್ಟ ಕೂಡಲೇ ಮುದುಕಿ ಕೇಳಿದ ಮೊದಲ ಪ್ರಶ್ನೆ, "ಯಾರ ಪೈಕಿ ನೀನು?" ಕೊಟ್ಟೂರಿನವಳು, ಇಂಥವರ ಮಗಳು ಅಂದೆ. "ಹಂಗಾರ ನಮ್ಮಾಕಿ ಬಿಡು!" ಅಂದಳು. ಆ ಮಾತು ಕೇಳಿ ಮೈಮೇಲೆ ಜಿರಲೆ ಹರಿದ ಹಾಗಾಯಿತು. ಆದರೆ ನಾನು ಅವರವಳಾದದ್ದರಿಂದಲೇ ಅವಳ ಬಾಯಿಗೆ ಬೀಗ ಇರಲಿಲ್ಲ.

"ಅವತ್ತು ಅವನು ಮುಟ್ಟಿದ್ದನ್ನ ಒಂದೂ ಬಿಟ್ಟಿಲ್ಲ ನೋಡು. ಬಾಗ್ಲ ಚಿಲಕ, ಸ್ಟೂಲು, ಆ ಸ್ವಿಚ್ಚು, ಈ ಡಬ್ಬಿ. ಎಲ್ಲಾದಕ್ಕೂ ನಾನೇ ಕೈಯಾರೆ ಗಂಜಲ ಹೊಡದೀನಿ."

"ಕರೆಂಟಿನ ಸಾಮಾನು ಕೆಡ್ತೈತಲ್ಲಮ್ಮಾ?"

"ಕೆಟ್ರ ಕೆಡ್ಲಿ. ಮನಿ ಕೆಡಬಾರ್ದು."

"ಗಂಜಲ ಎಲ್ಲಿಂದ ತರ್ತೀರಿ?"

"ತರೋದೇನು, ನಮ್ಮ ಕೊಟ್ಟಿಗ್ಯಾಗ ಐತಲ್ಲ. ಕನಕಮ್ಮ ದಿನಾ ಮುಂಜಾನಿ ಹಿಡಿದು ತಂಬಿಗ್ಯಾಗ ಇಟ್ಟು ಹೋಗ್ತಾಳ."

ನಾನು ಚಹಾದ ಲೋಟ ಕೆಳಗಿಟ್ಟೆ.

ಕನಕಮ್ಮ ಯಾರೆಂದು ನನಗೆ ಗೊತ್ತಿತ್ತು. ಭೀಮರಾಜನ ತಾಯಿ. ವರ್ಷಗಳಿಂದ ಈ ಮನೆಯ ಕೊಟ್ಟಿಗೆ ಬಳಿಯುವವಳು. ಮಗ ಮುಟ್ಟಿದ್ದನ್ನು ತೊಳೆಯಲು ತಾಯಿ ಹಿಡಿದಿಟ್ಟ ಗಂಜಲ! ತಂಬಿಗೆಗೆ ಅವಳ ಕೈ ತಾಗಿದರೆ ಮೈಲಿಗೆ ಇಲ್ಲ, ಪೆಟ್ಟಿಗೆಗೆ ಇವನ ಕೈ ತಾಗಿದರೆ ಮೈಲಿಗೆ. ನನಗೆ ಬೈಗುಳ ಬಿಟ್ಟು ಬೇರೇನೂ ಹೊಳೆಯಲಿಲ್ಲ. ಯೂನಿಫಾರ್ಮಿನಲ್ಲಿದ್ದೆನಾದ್ದರಿಂದ ನುಂಗಿಕೊಂಡೆ.

ಅಷ್ಟರಲ್ಲಿ ಗುರುಸಂಗಪ್ಪ ಬಂದ. ಮೆಕ್ಕೆಜೋಳದ ದೊಡ್ಡ ವ್ಯಾಪಾರಿ. ಸರ ಹೋದದ್ದಕ್ಕಿಂತ ಹಾಡು ಸರಿಯಾಗಿ ಕೇಳದ್ದೇ ಅವನಿಗೆ ಹೆಚ್ಚು ಉರಿ.

"ನೋಡ್ರಿ ಮೇಡಂ, ಬರೇ ಒಂದಲ್ಲ, ಎರಡು ಸಬ್‌ವೂಫರ್ ತರ್ಸೀನಿ ದಾವಣಗೆರಿಂದ. ಎಡಕ್ಕೊಂದು, ಬಲಕ್ಕೊಂದು. ಈ ಕುರ್ಚ್ಯಾಗ ಕುಂತ್ರ ಎದಿ ನಡುಗ್ತೈತಿ ಅಂದಿದ್ರು ಅಂಗಡ್ಯೋರು. ಎದಿ ಹಾಳಾಗ್ಲಿ, ಕುರ್ಚಿನೂ ನಡುಗವಲ್ದು! ಕದ್ದಿದ್ದಲ್ದ ಕೆಲಸಾನೂ ಕೆಡಿಸಿ ಹೋಗ್ಯಾನ."

"ಎರಡೂ ಅವನೇ ಕೂಡ್ಸಿದ್ನಾ?"

"ಮತ್ಯಾರು? ಬಲಗಡಿದು ದೇವ್ರಮನಿ ಬಾಗ್ಲಿಗೆ ಹತ್ತಿ ಐತಲ್ಲ, ಅದನ್ನ ಕೂಡ್ಸೋ ನೆಪದಾಗ ಗೂಡಿಗೆ ಕೈ ಹಾಕ್ಯಾನ."

ಭೀಮರಾಜ ಠಾಣೆಯಲ್ಲಿ ಹೇಳಿದ್ದು ಬೇರೆ. "ನನ್ನನ್ನ ಕಪ್ಪು ಪಟ್ಟಿ ದಾಟಾಕ ಬಿಡ್ಲಿಲ್ರಿ ಮೇಡಂ. ಎಡಗಡಿದು ನಾನು ಜೋಡ್ಸಿದೆ. ಬಲಗಡಿದನ್ನ ಅವರ ತಮ್ಮ ಗುರುಬಸವರಾಜಣ್ಣ ಒಯ್ದು ಜೋಡ್ಸಿದ್ರು. ನಾನು ನಿಂತಲ್ಲೇ ನಿಂತು ಹಿಂಗ್ ಮಾಡ್ರಿ, ಹಂಗ್ ಮಾಡ್ರಿ ಅಂತ ಹೇಳಿದೆ."

ಕಪ್ಪು ಪಟ್ಟಿ ನನ್ನ ಕಾಲಿನ ಕೆಳಗೇ ಇತ್ತು. ಮೊಸಾಯಿಕ್ ನೆಲವನ್ನು ಎರಡು ಭಾಗ ಮಾಡಿ ನಡುವೆ ಹಾದುಹೋಗುವ ಕಪ್ಪು ಕಲ್ಲಿನ ಪಟ್ಟಿ. ಈಚೆ ಹೊರಗಿನವರು ಕೂರುವ ಜಾಗ, ನಾನು ಮೂಸಿದ ಎಡಗಡೆಯ ಪೆಟ್ಟಿಗೆ. ಆಚೆ ದೇವರಮನೆಯ ಬಾಗಿಲು, ಬಲಗಡೆಯ ಪೆಟ್ಟಿಗೆ. ನೋಡುವವರಿಗೆ ಅದು ಅಲಂಕಾರ. ಈ ಮನೆಯವರಿಗೆ ಅದು ಬೇಲಿ.

ಪಟ್ಟಿ ದಾಟಿ ಬಲಗಡೆಯ ಪೆಟ್ಟಿಗೆಯ ಮುಂದೆ ಕೂತೆ. ಮೂಸಿದೆ. ಬರೀ ವಾರ್ನಿಷ್. ಮೇಲ್ಭಾಗದಲ್ಲಿ ಮುಖ ಕಾಣುವಷ್ಟು ಹೊಳಪು, ಒಂದು ಕಲೆಯೂ ಇಲ್ಲ. ಒಳಗಿನ ಕೋನು ಬಿಗಿಯಾಗಿತ್ತು.

ಎದ್ದು ಗುರುಸಂಗಪ್ಪನ ಕುರ್ಚಿಯ ಹತ್ತಿರ ಬಂದೆ.

"ಒಂದು ಸಿಡಿ ಹಾಕ್ರಿ ಗುರುಸಂಗಪ್ಪನೋರೇ. ಡೊಳ್ಳಿಂದು ಇದ್ರ ಹಾಕ್ರಿ."

ನಮ್ಮಪ್ಪನದು ಕೊಟ್ಟೂರಿನಲ್ಲಿ ಮೈಕ್‌ಸೆಟ್ ಅಂಗಡಿ. ನಾನು ಅಂಬೆಗಾಲಿಟ್ಟದ್ದೇ ಸ್ಪೀಕರ್ ಡಬ್ಬಿಗಳ ನಡುವೆ. ಆದ್ದರಿಂದ ಡೊಳ್ಳಿನ ಮೊದಲ ಪೆಟ್ಟಿಗೇ ನನಗೆ ವಿಷಯ ತಿಳಿಯಿತು. ಎರಡೆರಡು ಸಬ್‌ವೂಫರ್ ಓಡುತ್ತಿದ್ದರೂ ಕುರ್ಚಿಯ ಹತ್ತಿರ ತಗಡಿನ ಡಬ್ಬಿ ಬಡಿದ ಸದ್ದು.

ಬಲಗಡೆಯದರ ವೈರನ್ನು ಆಂಪ್ಲಿಫೈಯರಿನಿಂದ ಕಿತ್ತೆ. ಈಗ ಓಡುತ್ತಿದ್ದದ್ದು ಗಂಜಲ ಕುಡಿದ ಎಡಗಡೆಯದು ಮಾತ್ರ. ಡೊಳ್ಳು ದಪ್ಪವಾಯಿತು.

ಗುರುಸಂಗಪ್ಪನ ಬಾಯಿ ತೆರೆದೇ ಇತ್ತು. "ಒಂದು ತಗದ್ರ ಜಾಸ್ತಿ ಬರ್ತೈತಲ್ರಿ! ಇದೇನಿದು?"

"ಡೊಳ್ಳು ಹೊಡದಾಗ ಎರಡೂ ಒಟ್ಟಿಗೆ ಮುಂದಕ್ಕ ತಳ್ಳಬೇಕು. ನಿಮ್ಮವು ಒಂದು ಮುಂದಕ್ಕ ತಳ್ಳಿದ್ರ ಇನ್ನೊಂದು ಹಿಂದಕ್ಕ ಎಳೀತೈತಿ. ಒಂದರ ಕೆಲಸ ಇನ್ನೊಂದು ಕೆಡಸ್ತೈತಿ."

ಹಿಂದುಗಡೆ ಬಗ್ಗಿ ನೋಡಿದೆ. ಎಡಗಡೆಯದರಲ್ಲಿ ಕೆಂಪು ತಂತಿ ಕೆಂಪಿಗೆ, ಕಪ್ಪು ಕಪ್ಪಿಗೆ. ತುದಿಗಳನ್ನು ನೀಟಾಗಿ ತಿರುಚಿ ಟೇಪು ಸುತ್ತಿತ್ತು. ಬಲಗಡೆಯದರಲ್ಲಿ ಹಲ್ಲಿನಿಂದ ಸುಲಿದ ತಂತಿ, ಎಳೆಗಳು ಕೆದರಿಕೊಂಡಿದ್ದವು. ಕೆಂಪು ಹೋಗಿ ಕಪ್ಪಿನ ಜಾಗದಲ್ಲಿ ಕೂತಿತ್ತು. ಒಬ್ಬನೇ ಮನುಷ್ಯ ಒಂದೇ ದಿನ ಎರಡು ಪೆಟ್ಟಿಗೆಗೆ ಹೀಗೆ ತಂತಿ ಹಾಕುವುದಿಲ್ಲ.

ಆದರೆ ಇದನ್ನು ಕೋರ್ಟಿನಲ್ಲಿ ಹೇಳಿದರೆ ವಕೀಲರು ನಗುತ್ತಾರೆ. ನನಗೆ ಬೇಕಾಗಿದ್ದದ್ದು ಎರ್ರಮ್ಮನ ಬಾಯಿಂದ ಬರುವ ಮಾತು.

"ಅಮ್ಮಾ, ಅವನು ಮುಟ್ಟಿದ್ದನ್ನ ಒಂದೂ ಬಿಟ್ಟಿಲ್ಲ ಅಂದ್ರಲ್ಲ?"

"ಬಿಟ್ಟಿಲ್ಲ."

"ನೆನಪಿಲ್ದ ಯಾವುದಾರ ಉಳದಿರಬೇಕು. ನಿಮಗೂ ವಯಸ್ಸಾತು."

"ನನಗಾ?" ಮುದುಕಿ ಕಾಲು ಕೆಳಗಿಳಿಸಿದಳು. "ಈ ಮನಿಗೆ ಸೊಸಿಯಾಗಿ ಬಂದಾಗಿಂದ ಒಂದಿನ ತಪ್ಪಿಲ್ಲ ನಾನು. ದೇವರಾಣಿ ಯಾವುದೂ ಉಳದಿಲ್ಲ."

"ಹಂಗಾರ ಈ ಬಲಗಡಿ ಡಬ್ಬಿಗೆ ಯಾಕ ಹಾಕಿಲ್ಲ?"

ಗುರುಸಂಗಪ್ಪ ಸರಕ್ಕನೆ ತಾಯಿಯ ಕಡೆ ತಿರುಗಿದ. ವ್ಯಾಪಾರಿಯಲ್ಲವೇ, ಅವನಿಗೆ ಬೇಗ ಅರ್ಥವಾಯಿತು. "ಮರ್ತಿರ್ತಾಳ ಬಿಡ್ರಿ ಮೇಡಂ. ಮುದುಕಿ."

"ಯಾವನಲೇ ಮುದುಕಿ ಅನ್ನಾವ?" ಎರ್ರಮ್ಮ ಎದ್ದೇ ನಿಂತಳು. "ದೇವ್ರಮನಿ ಬಾಗ್ಲಾಗಿರೋ ಡಬ್ಬಿ ಅವನು ಮುಟ್ಟಿದ್ರ ನನ್ನ ಗಂಟಲಾಗ ಅನ್ನ ಇಳೀತಿತ್ತೇನಲೇ? ಮುಟ್ಟಿಲ್ಲ ಅವನು! ಪಟ್ಟಿ ದಾಟಾಕ ಬಿಟ್ಟಿಲ್ಲ ನಾನು!"

ತಾನು ಏನು ಹೇಳಿದೆನೆಂದು ಅವಳಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಸುಳ್ಳು ದೂರಿಗಿಂತ ಅವಳಿಗೆ ಅವಳ ಮಡಿಯೇ ದೊಡ್ಡದಾಗಿತ್ತು.

ಪಟ್ಟಿ ದಾಟದವನು ಗೂಡಿಗೆ ಕೈ ಹಾಕುವುದು ಹೇಗೆ? ಭೀಮರಾಜ ಬಚಾವಾಗಿದ್ದ. ಅವನನ್ನು ನಾಯಿಗಿಂತ ಕಡೆಯಾಗಿ ನಡೆಸಿಕೊಂಡ ಗಲೀಜು ಪದ್ಧತಿಯೇ ಅವನಿಗೆ ಸಾಕ್ಷಿಯಾಗಿತ್ತು. ಖುಷಿಪಡಬೇಕೋ, ಆ ತಂಬಿಗೆಯೊಳಗೆ ಉಗಿಯಬೇಕೋ ನನಗೆ ತಿಳಿಯಲಿಲ್ಲ.

ದೇವರಮನೆಯ ಬಾಗಿಲಿಗೆ ಒರಗಿಕೊಂಡು ಇಷ್ಟು ಹೊತ್ತೂ ಒಬ್ಬ ಸುಮ್ಮನೆ ನಿಂತಿದ್ದ. ಗುರುಬಸವರಾಜ. ಗುರುಸಂಗಪ್ಪನ ತಮ್ಮ, ಇನ್ನೂ ಮದುವೆಯಾಗಿಲ್ಲ. ಹಡಗಲಿಯಲ್ಲಿ ಕಾಲೇಜು ಮೇಷ್ಟ್ರು.

"ಬಲಗಡಿದು ಜೋಡ್ಸಿದ್ದು ನೀವಾ?"

"ಹೌದ್ರಿ." ಅವನು ತನ್ನ ಕಾಲ್ಬೆರಳು ನೋಡುತ್ತಿದ್ದ.

"ಅದನ್ನ ಮೊದಲೇ ಹೇಳಬಹುದಿತ್ತಲ್ಲ? ಒಬ್ಬ ಹುಡುಗ ನೌಕರಿ ಕಳಕೊಳ್ಳೋ ಹೊತ್ತು ಬಂದೈತಿ."

ಅವನು ಬಾಗಿಲಿನ ಕಡೆ ಇನ್ನಷ್ಟು ಸರಿದ.

ನಾನು ತಂತಿ ಬಿಚ್ಚಿ ಕೆಂಪನ್ನು ಕೆಂಪಿಗೆ, ಕಪ್ಪನ್ನು ಕಪ್ಪಿಗೆ ಹಾಕಿದೆ. ಸುಮ್ಮನೆ ಬಿಟ್ಟು ಹೊರಡಬಹುದಿತ್ತು. ಆದರೆ ತಪ್ಪಾಗಿ ಜೋಡಿಸಿದ ಸ್ಪೀಕರ್ ಬಿಟ್ಟು ಏಳುವುದು ನಮ್ಮಪ್ಪನ ಮಗಳಿಗೆ ಬರುವುದಿಲ್ಲ.

ಡೊಳ್ಳು ಈಗ ನಿಜವಾಗಿ ಬಂತು. ಕಿಟಕಿಯ ಗಾಜು ನಡುಗಿತು, ನೆಲದಿಂದ ಪಾದಕ್ಕೆ, ಪಾದದಿಂದ ಮೊಣಕಾಲಿಗೆ ಹತ್ತಿತು. ತಾಯಿಯ ಮಾನ ಹೋದದ್ದನ್ನೂ ಮರೆತು ಗುರುಸಂಗಪ್ಪ ಹಲ್ಲು ಬಿಟ್ಟ. ಒಂದೇ ಕೈ ಎರಡನ್ನೂ ಜೋಡಿಸಿದ್ದರೆ ಈ ಸುಖ ಅವನಿಗೆ ಹೋದ ವಾರವೇ ಸಿಗುತ್ತಿತ್ತು.

ಆಮೇಲೆ ನನಗೆ ಇನ್ನೊಂದು ಸದ್ದು ಕೇಳಿಸಿತು. ಪ್ರತಿ ಪೆಟ್ಟಿನ ಹಿಂದೆ ಝರ್ ಅಂತ ಸಣ್ಣದೊಂದು ಗಿಲಕು. ಬಲಗಡೆಯ ಪೆಟ್ಟಿಗೆಯ ಒಳಗಿಂದ.

ಸಿಡಿ ನಿಲ್ಲಿಸಿದೆ. ಗುರುಬಸವರಾಜನ ಮುಖ ಸುಣ್ಣದ ಗೋಡೆಯಾಗಿತ್ತು.

ಇಂಥ ಪೆಟ್ಟಿಗೆಗೆ ಗಾಳಿಯಾಡಲು ಒಂದು ದುಂಡನೆಯ ತೂತು ಇರುತ್ತದೆ, ಕೈ ಹಿಡಿಸುವಷ್ಟು. ಅಂಗಿಯ ತೋಳು ಮಡಚಿ ಕೈ ಹಾಕಿದೆ. ಹತ್ತಿ ಸಿಕ್ಕಿತು. ಹತ್ತಿಯ ಹಿಂದೆ ಒಂದು ಗಂಟು. ಹೊರಗೆಳೆದು ಬಿಚ್ಚಿದೆ. ಗಂಡಸರ ಕರ್ಚೀಫು. ಅದರೊಳಗೆ ಬೋರಮಾಳ ಸರ.

"ನೋಡಿದ್ರಾ! ಆ ಕಳ್ಳ..." ಎಂದು ಶುರುಮಾಡಿದ ಗುರುಸಂಗಪ್ಪ ಅಲ್ಲೇ ನಿಂತ. ತಾಯಿಯ ಆಣೆ ಇನ್ನೂ ಅವನ ಕಿವಿಯಲ್ಲಿತ್ತು.

ನಾನು ಸರವನ್ನು ಮೂಗಿನ ಹತ್ತಿರ ಹಿಡಿದೆ. ಬೆಳಿಗ್ಗೆಯಿಂದ ಅದೇ ಕೆಲಸವಾಗಿಬಿಟ್ಟಿತ್ತು. ಕರ್ಚೀಫಿನಲ್ಲಿ ಸೋಪಿನ ವಾಸನೆ. ಸರದಲ್ಲಿ ಗಂಜಲದ್ದು. ಗುಂಡುಗಳ ಸಂದಿಯಲ್ಲಿ ಬೆಳ್ಳಗೆ ಒಣಗಿ ಕೂತಿತ್ತು.

"ಅಮ್ಮಾ, ಬಂಗಾರಕ್ಕೂ ಹಾಕೀರಲ್ಲ. ಯಾಕ?"

ಮುದುಕಿ ಸೆರಗು ಎಳೆದುಕೊಂಡು ಸೋಫಾದ ಮೇಲೆ ಕೂತಳು.

"ಸರ ಕಳದೈತಿ ಅಂತ ದೂರು ಕೊಟ್ಟೋರು ನೀವು. ತೊಳದೋರೂ ನೀವೇ. ಅಂದ್ರ ಸರ ಮನ್ಯಾಗೇ ಐತಿ ಅಂತ ನಿಮಗ ಗೊತ್ತಿತ್ತು. ಸುಳ್ಳು ದೂರು ಕೊಟ್ರಿ. ಭೀಮರಾಜನ ಕೇರ್ಯೋರು ಮುಟ್ಟಿದ್ದಕ್ಕ ಮಾತ್ರ ಗಂಜಲ ಹಾಕೋರು ನೀವು. ಭೀಮರಾಜ ಪಟ್ಟಿ ದಾಟಿಲ್ಲ. ಹಂಗಾರ ಈ ಸರ ಮುಟ್ಟಿದೋರು ಯಾರು?"

ಕೇಳಿದ ಮೇಲೆ ನನಗೇ ತಿಳಿಯಿತು, ಕೇಳಬಾರದಿತ್ತು.

"ಹಾಂ, ಈಗ ದಾರಿಗೆ ಬಂದ್ರಿ!" ಗುರುಸಂಗಪ್ಪ ಮುಂದೆ ಬಂದ. "ಅವರ ಪೈಕಿ ಯಾರೋ ಮುಟ್ಯಾರ ಅಂತ ನೀವೇ ಅಂದ್ರಿ. ಅವನಲ್ದಿದ್ರ ಇನ್ನೊಬ್ರು. ಕಳ್ಳತನ ಕಳ್ಳತನಾನ. ಹೆಸರು ಬದ್ಲಿ ಮಾಡಿ ಬರ್ಕೊಳ್ರಿ."

ಭೀಮರಾಜನನ್ನು ಬಿಡಿಸಿದ ಸಾಕ್ಷಿ ನನ್ನ ಕೈಯಲ್ಲೇ ಅವನ ಮನೆಯವರ ಕಡೆ ತಿರುಗಿ ನಿಂತಿತ್ತು. ಗುರುಬಸವರಾಜ ಸರವನ್ನು ನೋಡುತ್ತಿರಲಿಲ್ಲ. ಕಿಟಕಿಯಾಚೆ ಗೇಟಿನ ಕಡೆ ನೋಡುತ್ತಿದ್ದ. ನಾನೂ ನೋಡಿದೆ. ಸಮತಾ ಸರಳು ಬಿಟ್ಟಿದ್ದಳು. ಸೆರಗನ್ನು ಕೊರಳಿನ ಸುತ್ತ ಬಿಗಿಯಾಗಿ ಹಿಡಿದುಕೊಂಡಿದ್ದಳು. ಅವಳ ಕಣ್ಣು ನನ್ನ ಕೈಯಲ್ಲಿದ್ದ ಸರದ ಮೇಲಿತ್ತು.

ಅವಳು ಗೇಟು ತಳ್ಳಿಕೊಂಡು ಬಂದಳು. ಹೊಸ್ತಿಲು ದಾಟಿದಳು. ಎರ್ರಮ್ಮ ಕಿರುಚಿದರೂ ನಿಲ್ಲದೆ ಕಪ್ಪು ಪಟ್ಟಿಯನ್ನೂ ದಾಟಿ ಗುರುಬಸವರಾಜನ ಎದುರು ನಿಂತಳು.

"ನಾನು ಕದ್ದಿಲ್ಲ ಮೇಡಂ. ಇವರೇ ನನ್ನ ಕೊರಳಿಗೆ ಹಾಕಿದ್ದು. ಬಾಗಳಿ ಗುಡ್ಯಾಗ, ಕಲ್ಲೇಶ್ವರನ ಮುಂದ. ಆಮ್ಯಾಲೆ, ತಮ್ಮ ಅವ್ವನ್ನ ಒಪ್ಪಿಸೋತನ ಇರ್ಲಿ ಅಂತ ಇವರೇ ತಿರುಗಿ ಇಸ್ಕಂಡು ಬಂದ್ರು. ಅವ್ವಗ ಎಲ್ಲಾ ಹೇಳೀನಿ ಅಂತಾನೂ ಅಂದಿದ್ರು. ಕೇಳ್ರಿ ಇವರನ್ನ."

"ಹೌದಾ ಮೇಷ್ಟ್ರೇ?"

ಅವನು ತಾಯಿಯನ್ನು ನೋಡಿದ. ಅಣ್ಣನನ್ನು ನೋಡಿದ. ಕೊನೆಗೆ ತಾನೇ ತಂತಿ ಅದಲು ಬದಲು ಹಾಕಿದ ಆ ಪೆಟ್ಟಿಗೆಯನ್ನು ನೋಡಿದ.

"ಈಕಿ ಯಾರಂತ ನನಗ ಗೊತ್ತಿಲ್ರಿ ಮೇಡಂ."

ಕಳ್ಳರನ್ನು ಕಂಡಿದ್ದೇನೆ, ಕುಡಿದು ಹೆಂಡತಿಯ ಕೈ ಮುರಿದವರನ್ನು ಕಂಡಿದ್ದೇನೆ. ಅವರ ಮೇಲೆ ಸಿಟ್ಟು ಬಂದದ್ದುಂಟು. ಇವನನ್ನು ನೋಡಿ ಸಿಟ್ಟೂ ಬರಲಿಲ್ಲ. ಊಟದಲ್ಲಿ ಹುಳ ಸಿಕ್ಕಾಗ ಆಗುತ್ತದಲ್ಲ, ಅದಾಯಿತು.

ಸಮತಾ ಅಳಲಿಲ್ಲ. "ಗೊತ್ತಿಲ್ಲಾ?" ಎಂದು ಒಂದೇ ಸಲ ಕೇಳಿದಳು, ತರಗತಿಯಲ್ಲಿ ಹುಡುಗರನ್ನು ಕೇಳುವ ದನಿಯಲ್ಲಿ. ಅವನು ಗೋಡೆಯ ಕಡೆ ತಿರುಗಿದ.

ಹೊರಗೆ ಓಬಣ್ಣ ಕೂಗಿದ್ದು ಕೇಳಿಸಿತು. ಅವನ ಕೈ ಕೊಸರಿಕೊಂಡು ಭೀಮರಾಜ ಓಡಿ ಬಂದ. ಓಡಿ ಬಂದವನು ಹೊಸ್ತಿಲ ಮುಂದೆ ತಾನಾಗಿಯೇ ನಿಂತುಬಿಟ್ಟ. ಅಂಥ ಹೊತ್ತಿನಲ್ಲೂ ಅವನ ಕಾಲು ಒಳಗೆ ಬರಲಿಲ್ಲ.

"ಸರ ನಾನೇ ಕದ್ದೀನಿ ಮೇಡಂ! ನನ್ನ ಹೆಸರ ಬರ್ಕೊಳ್ರಿ. ಅಕ್ಕನ್ನ ಬಿಟ್ಟುಬಿಡ್ರಿ."

"ಸುಮ್ನಿರು ಭೀಮಾ!" ಸಮತಾ ಕೂಗಿದಳು.

"ಸುಮ್ನಿರೋದೇನು ಬಂತು? ಒಪ್ಕೊಂಡ್ನಲ್ರಿ ಬಾಯಿಬಿಟ್ಟು." ಗುರುಸಂಗಪ್ಪ ನೆಮ್ಮದಿಯಾಗಿ ತನ್ನ ಕುರ್ಚಿಯಲ್ಲಿ ಕೂತ. "ಇನ್ನೇನು ಬೇಕು ಮೇಡಂ ನಿಮಗ? ಬರೀರಿ."

ನಾನು ಬರೆಯಲಿಲ್ಲ. ಈ ಸಂಬಂಧ ಮುರಿಯಲೆಂದೇ ಹುಟ್ಟಿದ ದೂರು ಇದು. ಬರೆಯುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಹಿಂದಿನಿಂದ ನೀರು ಚಿಮುಕಿಸಿದ ಸದ್ದು ಕೇಳಿ ತಿರುಗಿದೆ.

ಎರ್ರಮ್ಮ ತಂಬಿಗೆ ತಂದಿದ್ದಳು. ಕನಕಮ್ಮ ಮುಂಜಾನೆ ತುಂಬಿಸಿಟ್ಟ ತಂಬಿಗೆ. ಕನಕಮ್ಮನ ಮಗಳು ನಡೆದು ಬಂದ ಹೆಜ್ಜೆಯ ಮೇಲೆಲ್ಲ ಚಿಮುಕಿಸುತ್ತಾ, ಕಪ್ಪು ಪಟ್ಟಿ ದಾಟಿ, ಸಮತಾಳ ಮುಖವನ್ನೂ ನೋಡದೆ ಸುತ್ತಿ ಬಂದು ನನ್ನೆದುರು ನಿಂತಳು. ಸರ ಇನ್ನೂ ನನ್ನ ಅಂಗೈಯಲ್ಲಿತ್ತು. ಮುದುಕಿ ಅದನ್ನು ನೋಡಿದಳು, ನನ್ನ ಕೈ ನೋಡಿದಳು, ಪ್ರೀತಿಯಿಂದಲೇ ತಂಬಿಗೆ ಬಗ್ಗಿಸಿದಳು.

"ಕೈ ಚಾಚು ಯವ್ವಾ. ನೀನೂ ಅದನ್ನ ಮುಟ್ಟೀದಿ."